ಕಲ್ಲಂಗಡಿ ಸಸಿಗೆ ಇನ್ನೆರಡು ದಿನ

ಪುಷ್ಯ ಮಾಸದ ಚಳಿಗೆ ಇಟ್ಟಿಗಿ ಊರಿನ ನಾಯಿಗಳು ಕೂಡ ಬಿಸಿಲು ಬೀಳುವ ತನಕ ಏಳುವುದಿಲ್ಲ. ಅರ್ಚನಾ ಮಾತ್ರ ಆರಕ್ಕೇ ತನ್ನ ನರ್ಸರಿಯಲ್ಲಿದ್ದಳು. ಶಾಲು ಹೊದ್ದು, ಚಹಾದ ಲೋಟ ಹಿಡಿದು ನೆಟ್ ಶೆಡ್ಡಿನ ಪರದೆ ಸರಿಸಿದವಳಿಗೆ ಮೊದಲು ಕಂಡದ್ದು ಒಂದು ಬೆನ್ನು. ಯಾರೋ ಗಂಡಸು ಬಗ್ಗಿ, ಒಂದರ ಮೇಲೊಂದು ಪೇರಿಸಿಟ್ಟ ಟ್ರೇಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗೆ ಇಣುಕುತ್ತಿದ್ದ.

"ಯಾರ್ರಿ ಅದು? ಮೊದಲು ಮುಚ್ರಿ."

ಅವನು ಬೆಚ್ಚಿಬಿದ್ದು ಹಾಳೆ ಕೈಬಿಟ್ಟ. "ನಾನ್ರಿ, ಹೊಳಲಿನ ಗುರುಶಾಂತ. ನಾಕು ಸಾವಿರ ಕಲ್ಲಂಗಡಿ ಸಸಿ ಬೇಕಂತ ಫೋನ್ ಮಾಡಿದ್ನಲ್ರಿ. ಮೊಳಕಿ ಬಂದಾವೇನು ಅಂತ ನೋಡಾಕತ್ತಿದ್ದೆ."

"ನಿನ್ನೆ ಬೀಜ ಹಾಕೀನಿ. ಇವತ್ತು ಮೊಳಕಿ ಬರ್ತಾವೇನ್ರಿ?"

"ಬರಂಗಿಲ್ಲೇನ್ರಿ?"

ಅರ್ಚನಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಟ್ರೇಯ ಪುಟ್ಟ ಪುಟ್ಟ ಕಪ್ಪುಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಒಂದೊಂದಕ್ಕೆ ಒಂದೊಂದು ಬೀಜ ಊರಿ, ಪೇರಿಸಿ, ಗಾಳಿಯಾಡದಂತೆ ಮುಚ್ಚಿಡಬೇಕು. ನಾಲ್ಕು ದಿನ ಅವು ತಮ್ಮ ಬಿಸಿಯನ್ನು ತಾವೇ ಕಾಯ್ದುಕೊಳ್ಳುತ್ತವೆ. ಈ ಚಳಿಯಲ್ಲಿ ಆ ಬಿಸಿ ಹೊರಗೆ ಹೋಯಿತೆಂದರೆ ಬೀಜ ಒಳಗೇ ಕೊಳೆಯುತ್ತದೆ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. "ಆಮ್ಯಾಲೆ ಅರ್ಚನಾ ನರ್ಸರಿ ಸಸಿ ಸರಿ ಇಲ್ಲ ಅಂತ ಊರೆಲ್ಲ ಹೇಳೋರೂ ನೀವ."

ಅವನು ಬೈಗುಳವನ್ನು ಕೇಳುತ್ತಿದ್ದನೋ, ಬೈಯುವವಳನ್ನು ನೋಡುತ್ತಿದ್ದನೋ ದೇವರಿಗೇ ಗೊತ್ತು. ಹೋಗುವಾಗ ತಿರುಗಿ ಒಮ್ಮೆ ನೋಡಿದ. ಅವಳು ನೋಡಲಿಲ್ಲ ಎಂದು ತೋರಿಸಿಕೊಂಡಳು.

ಮರುದಿನ ಟ್ರೇಗಳ ಮೇಲೆ ಒಂದು ಕರಿ ಕಂಬಳಿ ಬಿದ್ದಿತ್ತು. ಪಕ್ಕದಲ್ಲಿ ಗುರುಶಾಂತ ಕೈಕಟ್ಟಿ ನಿಂತಿದ್ದ.

"ನಿನ್ನೆ ಬಿಸಿ ಕಳದಿದ್ನಲ್ರಿ. ಇವತ್ತು ತಂದೀನಿ."

"ಮತ್ತ ನೀವೇನು ಹೊದಕೊಂತೀರಿ?"

"ನನಗ ಚಳಿ ಆಗಂಗಿಲ್ರಿ," ಎಂದ. ಹೇಳುವಾಗ ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಅರ್ಚನಾ ಮುಖ ತಿರುಗಿಸಿಕೊಂಡು ನಕ್ಕಳು. ನಕ್ಕದ್ದು ಕೆಲಸದ ದ್ಯಾಮಕ್ಕನ ಕಣ್ಣಿಗೆ ಬಿತ್ತು.

ಮೊಳಕೆ ಬಂತು. ಟ್ರೇಗಳನ್ನು ಇಳಿಸಿ ಸಾಲಾಗಿ ಹರಡಿ, ಮೇಲೆ ಕಂಬಿ ಬಾಗಿಸಿ ಪ್ಲಾಸ್ಟಿಕ್ ಹೊದಿಸಿದ್ದಾಯಿತು. ನರ್ಸರಿಗೆ ಎಷ್ಟೋ ಗಿರಾಕಿಗಳಿದ್ದರೂ ದಿನಾ ಬಂದು ನೋಡುವವರು ಯಾರೂ ಇಲ್ಲ. ಗುರುಶಾಂತ ದಿನಾ ಬಂದ. ಹೊಳಲಿನಿಂದ ಬೈಕು ಹೊಡೆದುಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು.

ಸುಮ್ಮನೆ ನಿಂತವರನ್ನು ಕಂಡರೆ ಅರ್ಚನಾಗೆ ಆಗುವುದಿಲ್ಲ. ಅವನ ಕೈಗೆ ನೀರಿನ ಝಾರಿ ಕೊಟ್ಟಳು. ತೊಟ್ಟಿಯ ನೀರು ರಾತ್ರಿಯೆಲ್ಲ ತಣ್ಣಗಾಗಿರುತ್ತದೆ, ಅದನ್ನು ಹಾಗೇ ಹಾಕಿದರೆ ಎಳೆ ಬೇರು ಮುದುಡುತ್ತದೆ. ಅದಕ್ಕೆ ಕರಿ ಡ್ರಮ್ಮಿನಲ್ಲಿ ತುಂಬಿ ಬಿಸಿಲಿಗಿಟ್ಟು, ಉಗುರು ಬೆಚ್ಚಗಾದ ಮೇಲೆ ಹಾಕಬೇಕು.

"ಕೈ ಅದ್ದಿ ನೋಡ್ರಿ. ಸಾಕಾ ಬಿಸಿ?"

ಅವನು ಡ್ರಮ್ಮಿಗೆ ಕೈ ಹಾಕಿದ. ಅವಳ ಕೈ ಆಗಲೇ ಅಲ್ಲಿತ್ತು. ನೀರೊಳಗೆ ಎರಡು ಕೈ ತಾಗಿದವು, ಒಂದು ಕ್ಷಣ ಯಾರೂ ತೆಗೆಯಲಿಲ್ಲ.

"ನನಗ ಗೊತ್ತಾಗವಲ್ದು," ಎಂದ ಅವನು. "ಇನ್ನೊಂದು ಸ್ವಲ್ಪ ನೋಡಬೇಕು."

"ನೀರು ನೋಡ್ರಿ, ನನ್ನ ಮುಖ ಅಲ್ಲ."

ಟ್ರೇಯ ಮೂಲೆ ಎತ್ತಿ, ಭಾರದಿಂದಲೇ ನೀರು ಬೇಕೋ ಬೇಡವೋ ತಿಳಿಯುವುದನ್ನೂ ಕಲಿಸಿದಳು. ಅವನು ಬೇಗ ಕಲಿತ. ಕಲಿತದ್ದನ್ನು ಮರೆತವನಂತೆ ದಿನಾ ಮತ್ತೆ ಕೇಳುತ್ತಿದ್ದ. ಅವಳೂ ದಿನಾ ಮೊದಲಿನಿಂದ ಹೇಳಿಕೊಡುತ್ತಿದ್ದಳು. ದ್ಯಾಮಕ್ಕ ಎಲೆ ಅಡಿಕೆ ಜಗಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು.

ಕಲ್ಲಂಗಡಿ ಸಸಿಯ ಲೆಕ್ಕ ಬಹಳ ಬಿಗಿ. ಹದಿನಾಲ್ಕು ದಿನಕ್ಕೆ ಹೊಲಕ್ಕೆ ಹೋಗಬೇಕು. ಕೊನೆಯ ಎರಡು ದಿನ ಹೊದಿಕೆ ತೆಗೆದು, ನೀರು ಕಡಿಮೆ ಮಾಡಿ, ಬಿಸಿಲು ಗಾಳಿಗೆ ಒಡ್ಡಿ ಗಟ್ಟಿ ಮಾಡಬೇಕು. ಹನ್ನೆರಡನೆಯ ದಿನ ದ್ಯಾಮಕ್ಕ ಹೊದಿಕೆ ಸುತ್ತಿಟ್ಟಳು. ಅವಳು ಊಟಕ್ಕೆ ಹೋದ ಮೇಲೆ ಅರ್ಚನಾ ಮತ್ತೆ ಹೊದಿಸಿದಳು.

ಸಸಿ ಹೋದರೆ ಅವನು ಬರುವುದಿಲ್ಲ. ಬರಲು ಕಾರಣವೇ ಇರುವುದಿಲ್ಲ. ಅಷ್ಟೇ ಅವಳ ತಲೆಯಲ್ಲಿದ್ದದ್ದು.

"ತಯಾರಾದ್ವೇನ್ರಿ?" ಎಂದು ಹದಿನಾಲ್ಕನೆಯ ದಿನ ಅವನು ಕೇಳಿದ.

"ಇನ್ನೆರಡು ದಿನ ಬೇಕ್ರಿ."

"ಅವಸರ ಏನಿಲ್ಲ ಬಿಡ್ರಿ," ಎಂದ ಅವನು, ಅವಳ ಮಾತು ಮುಗಿಯುವ ಮೊದಲೇ.

ಆ ಇನ್ನೆರಡು ದಿನ ಮುಗಿದ ಮೇಲೆ ಮತ್ತೆರಡು ದಿನ. ಅರ್ಚನಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೈಕಿನ ಸದ್ದಾದರೆ ಎದ್ದು ಬಾಗಿಲಿಗೆ ಬರುವಳು, ಅದು ಹಾಲಿನವನದಾದರೆ ಅವನ ಮೇಲೆ ರೇಗುವಳು. ಇಷ್ಟು ವರ್ಷ ಒಂದು ಟ್ರೇ ಕೂಡ ತಡ ಮಾಡಿ ಕಳಿಸಿದವಳಲ್ಲ. ಈಗ ನಾಲ್ಕು ಸಾವಿರ ಸಸಿಗಳಿಗೆ ಬೆಚ್ಚಗೆ ಹೊದಿಸಿ, ಬೆಚ್ಚನೆ ನೀರು ಕುಡಿಸಿ, ಕೈಯಾರೆ ಕೆಡಿಸುತ್ತಿದ್ದಳು. ಅದು ಗೊತ್ತಿದ್ದೂ ಮಾಡುತ್ತಿದ್ದಳು.

ಇಪ್ಪತ್ತಾರನೆಯ ದಿನ ದ್ಯಾಮಕ್ಕ ಒಂದು ಟ್ರೇ ತಂದು ಅವಳ ಮುಂದಿಟ್ಟಳು. ಬೇರು ಕಪ್ಪಿನ ತಳ ತೂರಿ ಜೋತಾಡುತ್ತಿತ್ತು. ಮೇಲೆ ತೆಳ್ಳನೆಯ ಎಳೆಬಳ್ಳಿಗಳು ಪಕ್ಕದ ಕಪ್ಪಿನವನ್ನು ಸುತ್ತಿಕೊಳ್ಳಲು ಕೈ ಚಾಚಿದ್ದವು.

"ಯವ್ವಾ, ಇವು ನರ್ಸರಿ ಸಸಿ ಏನ? ಅತಿ ಮುದ್ದು ಮಾಡಿ ಬೆಳೆಸಿದ ಮಕ್ಕಳು ಕಂಡಂಗ ಕಾಣ್ತಾವು. ಆ ಹುಡುಗನ ಮುಂದ ಬಾಯಿ ಬಿಟ್ಟು ಹೇಳವ್ವಾ. ಇವೇನು ಪಾಪ ಮಾಡ್ಯಾವು?"

ಅವನು ಬಂದೊಡನೆ ಹೇಳಿಬಿಡಬೇಕು ಎಂದು ಅರ್ಚನಾ ಅಂದುಕೊಂಡಳು.

ಅವನು ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ವಾಟ್ಸ್ಯಾಪ್‌ನಲ್ಲಿ 'ಸಸಿ ತಯಾರಾಗ್ಯಾವ' ಎಂದು ಬರೆದು ಅಳಿಸಿದಳು. 'ಆರಾಮ ಅದೀರೇನು' ಎಂದು ಬರೆದು ಅದನ್ನೂ ಅಳಿಸಿದಳು. ನೀರು ಹಾಕಿದ ಸಾಲಿಗೇ ಮತ್ತೆ ನೀರು ಹಾಕಿದಳು. ತಾಯಿ ನಾಗಲಿಂಗಮ್ಮ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಅವನಿಗೆ ಬೇಸರ ಬಂದಿರಬೇಕು, ನಾನೇ ಬರಿಸಿದೆ ಎಂದು ತನ್ನನ್ನೇ ಶಪಿಸಿಕೊಂಡಳು.

ಮೂರನೆಯ ದಿನ ಮಧ್ಯಾಹ್ನ ಊರಿನ ಮೈಲಾರೇಶನ ಗೂಡ್ಸ್ ಗಾಡಿ ಕರೆಸಿ, ನಲವತ್ತೂ ಟ್ರೇ ಏರಿಸಿ, ತಾನೂ ಮುಂದೆ ಹತ್ತಿ ಕೂತಳು. ಸಸಿ ಕೊಡುವುದು, ಇದ್ದದ್ದನ್ನು ಇದ್ದಹಾಗೆ ಹೇಳುವುದು, ಬಂದುಬಿಡುವುದು. ಗಾಡಿ ಕುಲುಕಿದಾಗಲೆಲ್ಲ ಆ ಧೈರ್ಯವೂ ಕುಲುಕುತ್ತಿತ್ತು. "ಇನ್ನೂ ಎಷ್ಟು ದೂರ ಐತಿ?" ಎಂದು ನಾಲ್ಕು ಸಲ ಕೇಳಿದ ಮೇಲೆ ಮೈಲಾರೇಶ ಉತ್ತರ ಕೊಡುವುದನ್ನೇ ನಿಲ್ಲಿಸಿದ.

ಹೊಳಲಿನ ಹೊರಗೆ ಅವನ ಹೊಲ ಸಿಕ್ಕಿತು. ಗಾಡಿ ಇಳಿದವಳು ಬದುವಿನ ಮೇಲೇ ನಿಂತುಬಿಟ್ಟಳು. ಎಕರೆ ತುಂಬ ಮಣ್ಣು ಮುಚ್ಚುವ ಪ್ಲಾಸ್ಟಿಕ್ಕಿನ ಮಲ್ಚಿಂಗ್ ಹಾಳೆ ಹಾಸಿತ್ತು. ಹಾಳೆಯ ಒಂದೊಂದು ತೂತಿನಲ್ಲೂ ಕಲ್ಲಂಗಡಿ ಬಳ್ಳಿ ಹಸಿರಾಗಿ ನಿಂತು ಹರಡತೊಡಗಿತ್ತು.

ಅವನ ಹೊಲದಲ್ಲಿ ಬೇರೆ ಯಾರದೋ ಸಸಿ. ಅವಳಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

ಬದುವಿನ ಆಚೆ ತುಂಡು ಹೊಲದಲ್ಲಿ ಡ್ರಿಪ್ ಪೈಪು ಎಳೆಯುತ್ತಿದ್ದ ಗುರುಶಾಂತ ಅವಳನ್ನು ಕಂಡು ಓಡಿಬಂದ. ಮೈಯೆಲ್ಲ ಕೆಮ್ಮಣ್ಣು.

"ಇವು ಎಲ್ಲೀವು?" ಎಂದು ಕೇಳಿದಳು.

"ಹರಪನಹಳ್ಳಿ ಕಡೆಯಿಂದ ತಂದಿದ್ದೆ ರೀ."

"ಯಾವಾಗ?"

"ಹತ್ತು ದಿನ ಆತು. ಹದ ಹೋಗಾಕತ್ತಿತ್ತು. ಅವ್ವ ದಿನಾ ಬೈತಿದ್ಲು."

"ಹತ್ತು ದಿನ? ಹಚ್ಚಿದ ಮ್ಯಾಲೂ ದಿನಾ ನರ್ಸರಿಗೆ ಬಂದೀರಿ. ಝಾರಿ ಹಿಡದು ನನ್ನ ಸಸಿಗೆ ನೀರು ಹಾಕೀರಿ. ಅವು ಬ್ಯಾಡಾಗಿದ್ರ ಬಂದಿದ್ದು ಯಾತಕ್ಕ್ರಿ?"

ಅವನು ಕೈಗೆ ಮೆತ್ತಿದ ಮಣ್ಣನ್ನು ಅಂಗಿಗೆ ಒರೆಸಿಕೊಂಡ, ಅಂಗಿಗೆ ಮೊದಲೇ ಮಣ್ಣಿತ್ತು.

"ಸಸಿ ನೋಡಾಕ ಬಂದಿದ್ರ ಹತ್ತು ದಿನದ ಹಿಂದನ ನಿಲ್ಲಿಸ್ತಿದ್ದೆ," ಎಂದ. "ನಿಮ್ಮನ್ನ ನೋಡದಿದ್ರ ನನಗ ದಿನ ಹೋಗಂಗಿಲ್ಲ. ಹೇಳಬೇಕು ಅಂತ ಬರೋದು, ಝಾರಿ ಹಿಡಕೊಂಡು ನಿಂದ್ರೋದು, ವಾಪಸ್ ಹೋಗೋದು. ಹಿಂಗ ಆತು."

ಅರ್ಚನಾಳ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ.

"ಮೂರು ದಿನ ಯಾಕ ಬರಲಿಲ್ಲ?"

ಅವನು ತುಂಡು ಹೊಲದ ಕಡೆ ಕೈ ತೋರಿಸಿದ. "ಅದು ನಮ್ಮ ಸೋದರತ್ತೀದು. ಬೀಳು ಬಿದ್ದಿತ್ತು. ನಿಮ್ಮ ಸಸಿ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಅವಕ್ಕೊಂದು ಜಾಗ ಮಾಡಿ, ಆಮ್ಯಾಲೆ ಬಂದು ಎಲ್ಲಾ ಹೇಳೋಣ ಅಂತ ಮಾಡಿದ್ದೆ."

"ಇವು ಬದುಕಂಗಿಲ್ರಿ," ಎಂದಳು ಅರ್ಚನಾ. ಈಗ ಕಣ್ಣೀರು ನಿಲ್ಲಲಿಲ್ಲ. "ಹದಿನಾಲ್ಕನೇ ದಿನಕ್ಕ ತಯಾರಿದ್ವು. ನಾನ ಸುಳ್ಳು ಹೇಳಿದೆ. ಬಿಸಿಲಿಗೆ ಇಡಲಿಲ್ಲ, ಗಟ್ಟಿ ಮಾಡಲಿಲ್ಲ. ಕಳಿಸಿದ್ರ ನೀವು ಬರಂಗಿಲ್ಲ ಅಂತ ಕೆಡಿಸಿಬಿಟ್ಟೆ."

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಟ್ರೇ ಎತ್ತಿದ್ರ ಬೇರು ಅಂಗೈಗೆ ತಾಗತಿದ್ವು. ನೀವು ಇನ್ನೆರಡು ದಿನ ಅಂದಾಗೆಲ್ಲ, ಮನಿಗೆ ಹೋಗೋತನಕ ಬೈಕ್ ಮ್ಯಾಲೆ ಒಬ್ನ ನಗತಿದ್ದೆ."

ಅವಳು ಅತ್ತ ಮುಖದಲ್ಲೇ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಶಾಲನ್ನು ಸೊಂಟಕ್ಕೆ ಬಿಗಿದು ಗಾಡಿಯ ಹಿಂದಿನ ಬಾಗಿಲು ತೆಗೆದಳು.

ತುಂಡು ಹೊಲದಲ್ಲಿ ಹಿಡಿಸಿದ್ದು ಅರ್ಧದಷ್ಟು ಸಸಿ, ಉಳಿದ ಟ್ರೇಗಳನ್ನು ಇಳಿಸಿ ಬದುವಿನ ನೆರಳಿನಲ್ಲಿಟ್ಟರು. ಸುತ್ತಿಕೊಂಡ ಬಳ್ಳಿಗಳನ್ನು ಬಿಡಿಸಿ ಬಿಡಿಸಿ ಕೊಡುತ್ತ ಹೋದಳು, ಅವನು ನೆಡುತ್ತ ಹೋದ. ಮೈಲಾರೇಶ ಬೇವಿನ ಟೊಂಗೆ ಮುರಿದು ತಂದು ನೆರಳಿಗೆ ಚುಚ್ಚುತ್ತ ಬಂದ, ಇಬ್ಬರ ಕಡೆಗೂ ನೋಡದೆ. ಬಿಸಿಲು ಇಳಿಯಿತು. ಕೆಲವು ಸಸಿ ಆಗಲೇ ಬಾಡಿ ಮಣ್ಣಿನ ಮೇಲೆ ಮಲಗಿದ್ದವು, ಕೆಲವು ನಿಂತಿದ್ದವು.

"ಎಷ್ಟು ಉಳೀತಾವು?" ಎಂದು ಅವನು ಕೇಳಿದ.

"ಗೊತ್ತಿಲ್ಲ. ಸುಳ್ಳು ಹೇಳೋದು ಬಿಟ್ಟೀನಿ."

ಅವನು ಕೊನೆಯ ಸಸಿಯ ಬುಡಕ್ಕೆ ಮಣ್ಣು ಒತ್ತಿ, ತಲೆ ಎತ್ತದೆ ಹೇಳಿದ: "ಅವ್ವನ್ನ ಕರಕೊಂಡು ಇಟ್ಟಿಗಿಗೆ ಬರ್ತೀನಿ ಅರ್ಚನಾ. ನಿಮ್ಮ ಅವ್ವನ ಹತ್ರ ಮಾತಾಡಾಕ. ಸೋಮವಾರ ಚಲೋ ದಿನ ಐತಂತ. ಇನ್ನೆರಡು ದಿನ ಅಷ್ಟ."

ಅರ್ಚನಾ ಮಣ್ಣುಗೈಯಲ್ಲೇ ಅವನ ತೋಳು ಹಿಡಿದು ಎಬ್ಬಿಸಿದಳು.

"ಗಾಡಿ ಖಾಲಿ ಐತಿ," ಎಂದಳು. "ಈಗ ಹೋಗಿ ಅವ್ವನ್ನ ಕರಕೊಂಡು ಬಾ."