ಮೋಡದ ತಕರಾರು

ಪ್ರಶ್ನೆ ಕೇಳಿ ಕೂತ ತೃಪ್ತಿಗೆ ಮೊದಲು ಕೇಳಿಸಿದ್ದು ಹುಡುಗರ ನಗು. ಗೋಕಾಕದ ಕಾಲೇಜೊಂದರಲ್ಲಿ ಫಿಜಿಕ್ಸ್ ಕಲಿಸುವ ಮೂಡಲಗಿಯ ಈ ಹುಡುಗಿ ಆ ನಗುವಿಗೆ ಒಂದು ಕ್ಷಣ ಉಬ್ಬಿದ್ದು ಸುಳ್ಳಲ್ಲ.

"ನಿಮ್ಮ ಒಂದ್ ಕಂಪ್ಯೂಟರ್ ಮಾಡೆಲ್ ಭೂಮಿ ಎರಡು ಡಿಗ್ರಿ ಬಿಸಿ ಏರತೈತಿ ಅಂತೈತಿ, ಇನ್ನೊಂದು ನಾಲ್ಕೂವರಿ ಅಂತೈತಿ. ಹಂಗಾದ್ರ ನಿಮಗೂ ಗಿಳಿಶಾಸ್ತ್ರದವರಿಗೂ ಏನ್ ಫರಕ್ರಿ ಸರ್?" ಎಂದು ಕೇಳಿದ್ದಳು.

ಅವಳ ಕಾಲೇಜಿಗೆ ಭಾಷಣಕ್ಕೆ ಬಂದು ವೇದಿಕೆಯ ಮೇಲಿದ್ದವನು ಹುಕ್ಕೇರಿಯ ಸಮ್ಮೇದ, ಪುಣೆಯಲ್ಲಿ ಹವಾಮಾನ ಸಂಶೋಧಕ. ಜೂನ್ ತಿಂಗಳಲ್ಲಿ ಇದೇ ಸಮ್ಮೇದ ತಾಯಿಯನ್ನು ಕರೆದುಕೊಂಡು ಅವಳನ್ನು ನೋಡಲು ಬಂದಿದ್ದ. ಕಣ್ಣಿಗೆ ಕಣ್ಣು ಕೂಡಿದಾಗ ಇಬ್ಬರಿಗೂ ನಗು ತಡೆಯಲಾಗಿರಲಿಲ್ಲ. ಆಮೇಲೆ ಅವಳೇ ಹೋಳಿಗೆ ಬಡಿಸಿದ ತಾಟಿನ ಮುಂದಿನಿಂದ ತಾಯಿ ಮಗ ಇಬ್ಬರೂ ಎದ್ದರು. ನೀರನ್ನೂ ಮುಟ್ಟಲಿಲ್ಲ. "ಇನ್ನೊಮ್ಮಿ ಬರತೇವ್ರಿ" ಎಂದು ಗಾಡಿ ಹತ್ತಿದರು. ತಾಟು ಬಿಟ್ಟು ಎದ್ದವರು ಹುಡುಗಿಯನ್ನೂ ಬಿಟ್ಟರೆಂದೇ ಅವಳ ಮನೆಯವರು ತಿಳಿದರು. ಆ ಕಡೆಯಿಂದ ಸುದ್ದಿಯೂ ಬರಲಿಲ್ಲ.

ನಗು ಅಡಗುವ ತನಕ ಸಮ್ಮೇದ ಕಾದ. "ಮೇಡಂ ಹೇಳಿದ್ದು ಖರೆ ಐತಿ. ಈ ಫರಕು ಬಹಳಷ್ಟು ಮೋಡದಿಂದ ಬರತೈತಿ. ಕೆಳಗಿನ ದಟ್ಟ ಮೋಡ ಬಿಸಿಲನ್ನ ವಾಪಸ್ ಕಳಸತೈತಿ. ಮ್ಯಾಲಿನ ತೆಳು ಮೋಡ ಭೂಮಿ ಕಾವು ಹಿಡದ ಇಟ್ಟುಕೊಳ್ಳತೈತಿ. ಭೂಮಿ ಕಾದಂಗ ಯಾವುದು ಹೆಚ್ಚಾಗತೈತಿ, ಯಾವುದು ಕಡಿಮಿ? ಕಂಪ್ಯೂಟರಿನ್ಯಾಗ ಭೂಮಿನ ಚೌಕ ಚೌಕ ಮಾಡಿ ಲೆಕ್ಕಾ ಹಾಕತೇವಿ. ಒಂದ್ ಚೌಕದಾಗ ಗೋಕಾಕ, ಹುಕ್ಕೇರಿ, ಮೂಡಲಗಿ ಎಲ್ಲಾ ಕೂಡತಾವ. ಒಂದೊಂದ್ ಮೋಡ ಅದರಾಗ ಎಲ್ಲಿ ಕಾಣಬೇಕು? ಅದಕ್ಕ ಒಬ್ಬೊಬ್ಬರದು ಒಂದೊಂದು ಅಂದಾಜು. ಬಿಸಿ ಏರತೈತಿ ಅನ್ನೂದ್ರಾಗ ತಕರಾರಿಲ್ಲ. ತಕರಾರು ಇರೂದು ಎಷ್ಟು ಅನ್ನೂದ್ರಾಗ."

ಅವಳತ್ತ ನೋಡಿದ ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅದೇ ಅವಳಿಗೆ ಚುಚ್ಚಿತು.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು, ಹೊರಗೆ ಆಗಸ್ಟಿನ ಮೋಡ ಕವಿದಿತ್ತು. ಪ್ರಿನ್ಸಿಪಾಲರು ಹೇಳಿದ್ದರಿಂದ ಸ್ಟಾಫ್ ರೂಮಿಗೆ ಚಹಾ ಒಯ್ದವಳು ತೃಪ್ತಿಯೇ. ಸಮ್ಮೇದ ಕಿಟಕಿಯತ್ತ ನೋಡಿ ಕಪ್ಪನ್ನು ಮೆಲ್ಲಗೆ ಹಿಂದೆ ಸರಿಸಿದ.

"ನನ್ನ ಕೈಯಾಗಿನ ಚಹಾನೂ ಬ್ಯಾಡೇನ್ರಿ?"

"ಹಂಗಲ್ರಿ. ಹೊತ್ತು ಮುಳುಗೂಕಿಂತ ಮುಕ್ಕಾಲು ತಾಸು ಮೊದಲ ನಾವು ಉಣ್ಣೂದು, ಕುಡಿಯೂದು ನಿಲ್ಲಸತೇವಿ. ಮೋಡ ಇದ್ದು ಹೊತ್ತು ಕಾಣದಿದ್ರಂತೂ ಅವ್ವ ಗಡಿಯಾರಾನೂ ನಂಬೂದಿಲ್ಲ, ಇನ್ನೂ ಮೊದಲ ನಿಲ್ಲಸತಾಳ."

ತೃಪ್ತಿಯ ಮನೆಯವರೂ ಜೈನರೇ. ಹೊತ್ತು ಮುಳುಗಿದ ಮೇಲೆ ಅವರೂ ಉಣ್ಣುವುದಿಲ್ಲ, ಆದರೆ ಮುಳುಗುವ ತನಕ ಉಣ್ಣುತ್ತಾರೆ. ಜೂನಿನ ಆ ಸಂಜೆಯೂ ಮೋಡ ಕವಿದಿದ್ದು ಅವಳಿಗೆ ಈಗ ನೆನಪಾಯಿತು.

"ಅವತ್ತ ಯಾಕ ಹೇಳಲಿಲ್ರಿ?"

"ತಡಾ ಮಾಡಿ ಬಡಿಸಿದ್ರಿ ಅಂತ ನಿಮ್ಮವ್ವನ ಮುಂದ ಹೆಂಗ ಹೇಳೂದ್ರಿ? ಹುಡುಗಿ ಬಡಿಸಿದ್ದು ಬಿಟ್ಟು ಬಂದ್ನಿ ಅಂತ ಅವ್ವ ಹುಕ್ಕೇರಿ ಮುಟ್ಟೂತನಕ ಮರುಗಿದ್ಲು. ನಿಮ್ಮ ಕಡಿಂದ ಸುದ್ದಿ ಬರಲಿಲ್ಲ. ನಾ ನಿಮಗ ಮನಸಿಗೆ ಬಂದಿಲ್ಲ ಅಂದ್ಕೊಂಡ್ನಿ." ಅವನು ಧ್ವನಿ ತಗ್ಗಿಸಿದ. "ಈ ಭಾಷಣಾನೂ ನಾನ ಕೇಳಿ ಇಸಕೊಂಡಿದ್ದು. ನಿಮ್ಮನ್ನ ಒಮ್ಮಿ ನೋಡೂಣು ಅಂತ."

ತೃಪ್ತಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ತನಗಾಗಿಯೇ ಬಂದವನನ್ನು ತುಂಬಿದ ಸಭೆಯಲ್ಲಿ ನಗೆಪಾಟಲು ಮಾಡಿದ್ದಳು. ಇಲ್ಲಿ ನಾಲ್ಕು ಗೋಡೆಯೊಳಗೆ ತಪ್ಪಾಯಿತೆಂದರೆ ಅವನು ಇರಲಿ ಬಿಡ್ರಿ ಅಂದಾನು. ಆದರೆ ಅವನ ಮಾನ ಕಳೆದದ್ದು ಇಲ್ಲಿ ಅಲ್ಲವಲ್ಲ, ಎಲ್ಲರ ಮುಂದೆ.

ಅವನು ಬಸ್ಸಿಗೆ ಹೊರಟಾಗ ವರಾಂಡದಲ್ಲಿ ಹುಡುಗರು ಗುಂಪಾಗಿದ್ದರು. "ಗಿಳಿಶಾಸ್ತ್ರ ಹೊಂಟ್ತು ನೋಡ್ರೋ" ಎಂದು ಯಾರೋ ಕಿಸಕ್ಕೆಂದರು.

"ನಿಂದರ್ರಿ ಎಲ್ಲಾರೂ," ಎಂದಳು ತೃಪ್ತಿ. "ನಾ ಕೇಳಿದ್ದು ಪ್ರಶ್ನಿ ಅಲ್ಲ, ನನ್ನ ಸಿಟ್ಟು. ಇವರು ನನ್ನ ನೋಡಾಕ ಬಂದಿದ್ರು. ಬ್ಯಾಡಂದ್ರು ಅಂತ ತಪ್ಪು ತಿಳಕೊಂಡು ಇಲ್ಲಿ ಸೇಡು ತೀರಿಸಕೊಂಡ್ನಿ. ನೀವು ನಕ್ಕದ್ದು ನನ್ನಿಂದ. ತಪ್ಪು ನಂದು."

ನಾಳೆ ಇದೇ ಹುಡುಗರ ಮುಂದೆ ಚಾಕ್‌ಪೀಸ್ ಹಿಡಿದು ನಿಲ್ಲಬೇಕು. ಅವಳ ತಲೆ ತಾನಾಗಿ ಕೆಳಗಾಯಿತು.

ಸಮ್ಮೇದ ಬ್ಯಾಗು ಕೆಳಗಿಟ್ಟು ಅವಳ ಬಾಜೂ ಬಂದು ನಿಂತ. "ತೃಪ್ತಿ," ಎಂದ, ಮೊದಲ ಸಲ ಹೆಸರು ಹಿಡಿದು. "ಎಲ್ಲಾರ ಮುಂದ ಅನ್ನಿಸಿಕೊಂಡಾಂವ ಎಲ್ಲಾರ ಮುಂದನ ಕೇಳ್ತೇನಿ. ನನ್ನ ಮದಿವಿ ಆಗ್ತೀರೇನ್ರಿ?"

ನಾಚಿಕೆಯೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ತಲೆ ಎತ್ತಲು ಅವಳಿಂದ ಆಗಲೇ ಇಲ್ಲ. ಎತ್ತದೆಯೇ ಹೂಂ ಎಂದಳು.