ಅತ್ತೆ ಸೊಸೆ ಹಿಡಿದ ಹಲಗೆ

“ಕೇಳಿಸ್ಕೊ ಪುಟ್ಟ! ಈ ಮನೆ ಗೋಡೆ ಮೇಲೆ ಹೆಂಡದ ಬಾಟ್ಲಿ ಏರಿದ ದಿನ, ನಾನು ಹೊಸಿಲು ದಾಟಿ ಹೋದೆ ಅಂತ ತಿಳ್ಕೊ!”

ತಾಯಿಯ ದನಿಗೆ ಪುಟ್ಟ ಕೈಲಿದ್ದ ಲೋಟವನ್ನು ಕೆಳಗಿಟ್ಟ. ಹೆಸರಿಗೆ ಪುಟ್ಟ, ವಯಸ್ಸು ಮೂವತ್ತೆರಡು. ಕನ್ನಡಕದಂಗಡಿಯಲ್ಲಿ ದಿನವಿಡೀ ಊರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಆತನಿಗೆ, ಮನೆಯಲ್ಲಿ ತಾಯಿಯ ಕಣ್ಣನ್ನಾಗಲಿ ಹೆಂಡತಿಯ ಕಣ್ಣನ್ನಾಗಲಿ ಎದುರಿಸುವ ಧೈರ್ಯವಿರಲಿಲ್ಲ. ಗೋಡೆಯ ಪಕ್ಕ ಅಳತೆ ಟೇಪು ಹಿಡಿದು ನಿಂತಿದ್ದ ಸೊಸೆ ತುಟಿ ಕಚ್ಚಿಕೊಂಡಳು.

“ಅತ್ತೆ, ಇಲ್ಲಿ ಹಲಗೆ ಯಾಕೆ ಬೇಕು ಅಂತ ಒಂದು ಮಾತು ಕೇಳಿ...”

“ಸಾಕು! ಹೋಟ್ಲಲ್ಲಿ ನಿಂತು ಕಂಡೋರಿಗೆಲ್ಲ ಕುಡಿಸೋದು ಸಾಲ್ದು ಅಂತ ಮನೇಲೂ ಅಂಗಡಿ ತೆಗೀತೀಯಾ?”

ಸೊಸೆ ಟೇಪನ್ನು ಸುತ್ತಿಟ್ಟು ಕೋಣೆಗೆ ಹೋದಳು. ಅಂದಿನಿಂದ ಅತ್ತೆ ಸೊಸೆಯರ ನಡುವೆ ಮಾತು ನಿಂತಿತು.

ಬೀದಿಗೆಲ್ಲ ಆ ಅತ್ತೆ ‘ಮರದಮ್ಮ’. ಪುಟ್ಟನಿಗೆ ಆರು ವರ್ಷವಾಗಿದ್ದಾಗ ಗಂಡ ತೀರಿಕೊಂಡ. ಕಣ್ಣೀರು ಆರುವ ಮೊದಲೇ ಅವನ ಗರಗಸವನ್ನು ಕೈಗೆತ್ತಿಕೊಂಡವಳು ಆಕೆ. ಹಿತ್ತಲಿನ ಮರಗೆಲಸದ ಕೊಟ್ಟಿಗೆ ಒಂದು ದಿನವೂ ಬಾಗಿಲು ಮುಚ್ಚಲಿಲ್ಲ. ಬೀದಿಯ ಅರ್ಧ ಮನೆಗಳ ಕದ ಅವಳ ಕೈಯದ್ದೇ. ಇಷ್ಟು ಗಟ್ಟಿ ಹೆಂಗಸಿಗೆ ಸೊಸೆಯ ಕೆಲಸ ಮಾತ್ರ ಗಂಟಲಲ್ಲಿ ಸಿಕ್ಕಿದ ಮುಳ್ಳು. ದೊಡ್ಡ ಹೋಟೆಲಿನ ಬಾರಿನಲ್ಲಿ ಪಾನೀಯ ಬೆರೆಸಿ ಕೊಡುವ ಹುಡುಗಿ! ಯಾರಾದರೂ ಕೇಳಿದರೆ, “ಹೋಟ್ಲಲ್ಲಿ ಏನೋ ಲೆಕ್ಕಪತ್ರ ನೋಡ್ಕೋತಾಳೆ” ಎಂದು ಮಾತು ಹಾರಿಸಿಬಿಡುತ್ತಿದ್ದಳು.

ಹನ್ನೊಂದು ದಿನ ಮನೆ ಮೂಕವಾಗಿತ್ತು. ಇಬ್ಬರೂ ಒಂದೇ ಒಲೆಯ ಮುಂದೆ ನಿಂತಿದ್ದರೂ, “ಪುಟ್ಟ, ಒಲೆ ಸಣ್ಣ ಮಾಡೋಕೆ ಹೇಳು” ಎಂದು ಅತ್ತೆ. “ಆಗ್ಲೇ ಮಾಡಿದ್ದೀನಿ ಅಂತ ಹೇಳಿ” ಎಂದು ಸೊಸೆ. ನಡುವೆ ಪುಟ್ಟ, ಸ್ನಾನದ ಮನೆಯಿಂದ ಸೋಪಿನ ನೊರೆಯಲ್ಲೇ ತಲೆ ಹೊರಹಾಕಿ, ಅತ್ತಿತ್ತ ಮಾತು ದಾಟಿಸುತ್ತಿದ್ದ.

ಹನ್ನೆರಡನೆಯ ದಿನ ಸೊಸೆಗೆ ರಜೆ. ಪುಟ್ಟ ಅಂಗಡಿಗೆ ಹೋದ ಮೇಲೆ ಅವಳು ಮಂಚದಡಿಯಿಂದ ಆರಡಿ ಹಲಗೆಯೊಂದನ್ನು ಎಳೆದಳು. ತಾನೇ ಕೊಂಡು ತಂದು, ಉಪ್ಪುಕಾಗದದಲ್ಲಿ ಉಜ್ಜಿ, ಬಣ್ಣದೆಣ್ಣೆ ಬಳಿದ ಹಲಗೆ. ಆಗಲಿ, ಬಂದದ್ದು ಬರಲಿ ಎಂದುಕೊಂಡು ಡ್ರಿಲ್ಲಿಂಗ್ ಮಷಿನ್ ಗೋಡೆಗೆ ಹಚ್ಚಿದಳು.

ಹಿತ್ತಲಲ್ಲಿ ಮರ ಹೆರೆಯುತ್ತಿದ್ದ ಮರದಮ್ಮನ ಕೀಸುಳಿ ನಿಂತುಬಿಟ್ಟಿತು. ಎಷ್ಟು ಸೊಕ್ಕು! ಎದ್ದು ಹೋಗಿ ನಾಲ್ಕು ಮಾತು ಬಿಗಿಯಬೇಕೆಂದುಕೊಳ್ಳುವಷ್ಟರಲ್ಲಿ ಕಿವಿ ಬೇರೇನನ್ನೋ ಹಿಡಿಯಿತು. ಮಷಿನ್ನಿನ ಸದ್ದು ಮೊದಲು ಗಡಸು... ಆಮೇಲೆ ಇದ್ದಕ್ಕಿದ್ದಂತೆ ಪೊಳ್ಳು! ಆ ಜಾಗದಲ್ಲಿ ಹಿಂದೆ ಒಂದು ಕಿಟಕಿಯಿತ್ತು. ಗಂಡ ಅದನ್ನು ಚೂರುಪಾರು ಕಲ್ಲು ತುಂಬಿ, ಮೇಲೆ ಗಾರೆ ಮೆತ್ತಿ ಮುಚ್ಚಿದ್ದ. ಅಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಹೇಳೋಣವೇ? ನಾಲಿಗೆ ಹೊರಳಲಿಲ್ಲ... ಹಟ! ಒಳಗಿನಿಂದ ಒಂದೊಂದಾಗಿ ಬಾಟಲಿ ಜೋಡಿಸುವ ಸದ್ದು ಕೇಳತೊಡಗಿತು. ಹತ್ತು... ಇಪ್ಪತ್ತು... ಆ ಹುಡುಗಿ ಅದರ ಕೆಳಗೇ ನಿಂತಿದ್ದಾಳಲ್ಲ! ಮರದಮ್ಮ ಕೀಸುಳಿ ಎಸೆದು ಓಡಿದಳು.

ಆಕೆ ಬಾಗಿಲು ದಾಟುವುದಕ್ಕೂ, ಎಡತುದಿಯ ಸ್ಕ್ರೂ ಗಾರೆಯ ಸಮೇತ ಕಿತ್ತು ಬರುವುದಕ್ಕೂ ಸರಿಹೋಯಿತು. ಹಾರಿ ಹೋಗಿ ಎರಡೂ ಕೈಯನ್ನು ಹಲಗೆಯ ಅಡಿಗೆ ಕೊಟ್ಟಳು. ಬಲತುದಿಯನ್ನು ಸೊಸೆ ಹಿಡಿದಳು.

“ಬಿಡ್ಬೇಡ!”

“ಬಿಟ್ಟಿಲ್ಲ ಅತ್ತೆ!”

ಹನ್ನೊಂದು ದಿನಗಳ ನಂತರ ಅವರು ನೇರವಾಗಿ ಆಡಿಕೊಂಡ ಮೊದಲ ಮಾತು ಅದು.

ತಲೆಯ ಮೇಲೆ ಮೂವತ್ತು ಬಾಟಲಿ. ಯಾರು ಒಂದು ಕೈ ತೆಗೆದರೂ ಅಷ್ಟೂ ನೆಲಕ್ಕೆ. ಮೇಜಿನ ಮೇಲೆ ಸೊಸೆಯ ಫೋನು ಬಡಕೊಂಡು ಬಡಕೊಂಡು ಸುಮ್ಮನಾಯಿತು. ಇಬ್ಬರೂ ಗೋಡೆಗೆ ಮುಖ ಮಾಡಿ ಏದುಸಿರು ಬಿಡುತ್ತ ನಿಂತರು.

“ಎಷ್ಟುದ್ದದ ಸ್ಕ್ರೂ ಹಾಕಿದೆ?” ಅತ್ತೆಯೇ ಕೇಳಿದಳು.

“ಒಂದಿಂಚು...”

“ಒಂದಿಂಚು! ಏನು, ಕ್ಯಾಲೆಂಡರ್ ನೇತಾಕ್ತಿದ್ಯಾ?”

ಆ ಬಿಗಿಯಲ್ಲೂ ಸೊಸೆಗೆ ಫಕ್ಕನೆ ನಗು ಬಂತು. ಹಲಗೆ ಅಲುಗಿತು. ವಾಲಿದ ಒಂದು ಬಾಟಲಿಯ ಮುಚ್ಚಳ ಸಡಿಲಾಗಿ, ಒಳಗಿದ್ದದ್ದು ಮರದಮ್ಮನ ನೆತ್ತಿಯ ಮೇಲೆ ಸುರಿಯತೊಡಗಿತು.

“ಅಯ್ಯಯ್ಯೋ, ಹೆಂಡ! ಬಾಯಿಗೇ ಹೋಯ್ತಲ್ಲೇ!... ಥೂ!... ಇದೇನಿದು?... ಸಪ್ಪಗಿದೆ?”

“ನೀರು ಅತ್ತೆ.”

“ಏನು?”

“ಎಲ್ಲಾ ಬರೀ ನೀರು. ಖಾಲಿ ಬಾಟ್ಲಿ ತಂದು ನೀರು ತುಂಬಿಟ್ಟಿದ್ದೀನಿ. ಮುಂದಿನ ವಾರ ಬಾರಿನ ಮುಖ್ಯಸ್ಥರ ಜಾಗಕ್ಕೆ ಪರೀಕ್ಷೆ ಇದೆ. ಒಂದು ಗಂಟೇಲಿ ನಲವತ್ತು ಲೋಟ ಬೆರೆಸಿ ಕೊಡ್ಬೇಕು. ಬಾಟ್ಲಿ ಕಡೆ ನೋಡೋ ಹಾಗೇ ಇಲ್ಲ, ಬಂದೋರ ಮುಖಾನೇ ನೋಡ್ತಿರಬೇಕು. ಯಾವುದು ಎಲ್ಲಿದೆ ಅಂತ ಕೈಗೇ ಗೊತ್ತಿರಬೇಕು. ಅದಕ್ಕೇ ಅಲ್ಲಿನ ಅಳತೇಲೇ ಇಲ್ಲೂ ಒಂದು... ಇದನ್ನ ಹೇಳೋಕೇ ಬಂದೆ ಅತ್ತೆ... ನೀವು ಕೇಳ್ಲೇ ಇಲ್ಲ...”

ಅವಳ ಕೆನ್ನೆಯ ಮೇಲೆ ಹನಿಗಳು ಇಳಿದವು. ಒರೆಸಿಕೊಳ್ಳಲು ಕೈಯಿರಲಿಲ್ಲ.

ಮರದಮ್ಮ ಗೋಡೆಗೆ ಹೇಳಿಕೊಳ್ಳುವಂತೆ ಶುರುಮಾಡಿದಳು.

“ನಾನು ಮೊದಲು ಮಾಡಿದ್ದು ಒಂದು ಕುರ್ಚಿ. ನಮ್ಮತ್ತೆಗೆ ಅಂತಲೇ ಮಾಡಿದ್ದು, ಮಂಡಿ ನೋವಿತ್ತು ಅವರಿಗೆ. ಹೆಂಗಸು ಗರಗಸ ಹಿಡಿದು ಮಾಡಿದ ಕುರ್ಚಿ ಅಂತ ಆಯಮ್ಮ ಅದರ ಮೇಲೆ ಒಂದು ದಿನಾನೂ ಕೂರಲಿಲ್ಲ. ಆರು ವರ್ಷ ನೆಲದ ಮೇಲೇ ಕೂತರು. ಏಳೋವಾಗೆಲ್ಲ ನರಳೋರು... ಆದ್ರೂ ಕೂರಲಿಲ್ಲ. ಆ ಕುರ್ಚಿ ನೋಡಿ ನೋಡಿ ಎಷ್ಟು ಅತ್ತಿದ್ದೀನೋ! ಈಗ ನಾನೇ... ನಾನೇ ಅವರಾಗಿಬಿಟ್ನಲ್ಲೇ, ಮಗಳೇ!”

“ಅಳ್ಬೇಡಿ ಅತ್ತೆ... ಹಲಗೆ ಅಲುಗುತ್ತೆ!”

ಅತ್ತೆಗೆ ಅಳುವಿನ ನಡುವೆಯೇ ನಗು ಉಕ್ಕಿತು. ಸೊಸೆಗೂ ತಡೆಯಲಾಗಲಿಲ್ಲ. ಫೋನು ಎತ್ತಲಿಲ್ಲವೆಂದು ಗಾಬರಿಯಿಂದ ಓಡಿಬಂದ ಪುಟ್ಟ ಬಾಗಿಲಲ್ಲೇ ಕಂಬವಾದ. ತಾಯಿಯ ತಲೆಯಿಂದ ನೀರು ಸುರಿಯುತ್ತಿದೆ, ಹೆಂಡತಿಯ ಕಣ್ಣಿಂದಲೂ ಸುರಿಯುತ್ತಿದೆ, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಾರೆ!

“ಅಮ್ಮಾ! ಇದೇನು...”

“ಮೊದಲು ಬಾಟ್ಲಿ ಇಳಿಸೋ ದಡ್ಡ!” ಎಂದಳು ತಾಯಿ.

“ಬೇಗ ಇಳಿಸೀಪ್ಪಾ!” ಎಂದಳು ಹೆಂಡತಿ.

ಮರುದಿನ ಬೆಳಗ್ಗೆ ಮರದಮ್ಮ ತನ್ನ ಸಲಕರಣೆಯ ಪೆಟ್ಟಿಗೆಯನ್ನು ಒಳಗೆ ತಂದಳು. ಸೊಸೆಯ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಮರ ಒಳ್ಳೇದೇ ಆರಿಸಿದ್ದೀಯ. ಉಜ್ಜಿರೋದೂ ಪರವಾಗಿಲ್ಲ” ಎಂದಾಗ ಸೊಸೆಯ ಮುಖ ಅರಳಿತು. ಗೋಡೆಗೆ ಬೆರಳ ಗೆಣ್ಣಿಂದ ತಟ್ಟುತ್ತ, ಪೊಳ್ಳು ಎಲ್ಲಿ, ಗಟ್ಟಿ ಇಟ್ಟಿಗೆ ಎಲ್ಲಿ ಎಂದು ಅವಳ ಕಿವಿಯನ್ನು ಗೋಡೆಗಾನಿಸಿ ಕೇಳಿಸಿದಳು. ಹಳೆಯ ಕಿಟಕಿ ಬಿಟ್ಟು ಒಂದು ಮೊಳ ಆಚೆಗೆ ಗೆರೆ ಎಳೆದರು. ಮೂರಿಂಚಿನ ಸ್ಕ್ರೂ, ತೂತಿಗೆ ಬಿಗಿಯಾದ ಪ್ಲಗ್ಗು, ಬಾಟಲಿ ಜಾರದಂತೆ ಹಲಗೆಯ ಅಂಚಿಗೆ ತೆಳ್ಳನೆಯ ಪಟ್ಟಿ. ಹಲಗೆಯ ಮಟ್ಟ ನೋಡಲು ಇಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬಂದು ನಿಂತಾಗ ಮರದಮ್ಮ ಸೆರಗು ಸಿಕ್ಕಿಸಿ, ಹಲಗೆಗೆ ಎರಡೂ ಕೈ ಹಾಕಿ, ಕಾಲು ಮಡಚಿ ಜೋತುಬಿದ್ದೇಬಿಟ್ಟಳು!

“ಅಮ್ಮಾ, ಬೀಳ್ತೀಯ!” ಪುಟ್ಟ ಕಿರುಚಿದ.

“ನಾನು ಕೂರಿಸಿದ್ದು ಕಣೋ ಇದು! ಬಾರೇ, ನೀನೂ ಜೋತುಬೀಳು!”

ಆ ವಾರವೆಲ್ಲ ಮನೆ ಗಲಗಲ ಎನ್ನುತ್ತಿತ್ತು. ಅತ್ತೆ ಗಿರಾಕಿಯಾಗಿ ಎದುರು ಕುಳಿತು, ಬಾಟಲಿಗಳ ಹೆಸರನ್ನು ತೋಚಿದಂತೆ ತಿರುಚಿ ಕೂಗುವಳು. ಸೊಸೆ ಆಕೆಯ ಮುಖದಿಂದ ಕಣ್ಣು ಕೀಳದೆ ಕೈ ಹಿಂದಕ್ಕೆ ಚಾಚುವಳು. ಮೊದಮೊದಲು ಹತ್ತಕ್ಕೆ ನಾಲ್ಕು ತಪ್ಪು. ಕೊನೆಗೆ ಒಂದೂ ಇಲ್ಲ.

ಪರೀಕ್ಷೆಯ ದಿನ ಮರದಮ್ಮನ ಕೈಗೆ ಕೆಲಸ ಹತ್ತಲಿಲ್ಲ. ಗೇಟಿನ ಬಳಿ ಹತ್ತು ಸಲ ಹೋಗಿ ಬಂದಳು. ಇಳಿಹೊತ್ತಿಗೆ ಸೊಸೆ ಬೀದಿಯ ತಿರುವಿನಲ್ಲಿ ಕಾಣಿಸಿದಳು. ನಡೆಯುತ್ತಿರಲಿಲ್ಲ, ಓಡುತ್ತಿದ್ದಳು. ಹತ್ತಿರ ಬಂದವಳೇ, “ಜಾಗ ನಂಗೇ ಸಿಕ್ತು ಅತ್ತೆ!” ಎಂದು ಅತ್ತೆಯ ಕೊರಳಿಗೆ ಜೋತುಬಿದ್ದಳು. ಎದುರು ಮನೆಯಾಕೆ ಕಿಟಕಿಯಿಂದ ಇಣುಕಿ, “ಏನ್ ಮರದಮ್ಮ, ಏನ್ ವಿಶೇಷ?” ಎಂದಳು.

ಮರದಮ್ಮ ಸೊಸೆಯನ್ನು ಅಪ್ಪಿಕೊಂಡೇ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

“ನನ್ನ ಸೊಸೆ ಬಾರಲ್ಲಿ ಕೆಲಸ ಮಾಡೋದು ಕಣ್ರೀ! ಇವತ್ತಿಂದ ಅಲ್ಲಿ ಇವಳೇ ಎಲ್ಲರಿಗಿಂತ ದೊಡ್ಡೋಳು!”