ಸಿಸ್ಟಮ್‌ನಲ್ಲಿ ಇಲ್ಲದ ಸಾಲು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಗೋದಾಮಿನ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಕಾರ್ಖಾನೆಗೆ ಹೋಗಬೇಕಿದ್ದ ಮೋಟಾರ್‌ಗಳ ಒಂದು ಪ್ಯಾಲೆಟ್, ಎಂದರೆ ಮರದ ಹಲಗೆಯ ಮೇಲೆ ಪೇರಿಸಿ ಪ್ಲಾಸ್ಟಿಕ್ ಸುತ್ತಿದ ಆಳೆತ್ತರದ ಪೆಟ್ಟಿಗೆಗಳು, ದಾರಿಯಲ್ಲಿ ಮಾಯವಾಗಿದೆ. ಲಾರಿ ಹತ್ತಿದ್ದು ಗೋದಾಮಿನ ಕಂಪ್ಯೂಟರ್ ಸಿಸ್ಟಮ್‌ನಲ್ಲಿದೆ, ಇಳಿದದ್ದು ಇಲ್ಲ. ಲಾರಿ ನಡುದಾರಿಯಲ್ಲಿ ಮುಕ್ಕಾಲು ಗಂಟೆ ನಿಂತದ್ದೂ ಸಿಸ್ಟಮ್‌ನಲ್ಲಿದೆ. ಇನ್ನೇನು ಬೇಕು? ಎಫ್‌ಐಆರ್ ಆಯಿತು, ಸಂಜೆಯೊಳಗೆ ಲಾರಿ ಡ್ರೈವರ್ ಲಾಕಪ್ ಸೇರಿದ.

"ಯಾಕೆ ನಿಲ್ಲಿಸಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಕಣ್ಣು ಎಳೀತಿತ್ತು ಸಾರ್. ಮಲಗಿದೆ."

"ಮಾಲು ಯಾರಿಗೆ ಕೊಟ್ಟೆ?"

"ಬಾಗಿಲು ಹಾಕಿ, ಸೀಲ್ ಮಾಡಿ ಕೊಡ್ತಾರೆ. ಒಳಗೇನಿದೆ ಅಂತ ನೋಡೋ ಹಾಗೇ ಇಲ್ಲ."

ಮಂಗಳವಾರ ನ್ಯಾಯಾಲಯ ಎರಡು ದಿನದ ಪೊಲೀಸ್ ಕಸ್ಟಡಿ ಕೊಟ್ಟಿತು. ಪೇದೆಗಳು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದರು. ಇನ್‌ಸ್ಪೆಕ್ಟರ್ ಕೇಳಿದ್ದನ್ನೇ ಕೇಳಿದರು, ಅವನು ಹೇಳಿದ್ದನ್ನೇ ಹೇಳಿದ. ಅವನ ಹೆಂಡತಿ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಅಳಲಿಲ್ಲ, ಬೇಡಲಿಲ್ಲ. ಇನ್‌ಸ್ಪೆಕ್ಟರ್ ಓಡಾಡುವಾಗಲೆಲ್ಲ ಸುಮ್ಮನೆ ನೋಡುತ್ತಿದ್ದಳು. ಅವರಿಗೆ ತಮ್ಮದೇ ಠಾಣೆಯಲ್ಲಿ ಓಡಾಡುವುದು ಕಷ್ಟವಾಯಿತು.

ಇದರ ಮಧ್ಯೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್, ಪ್ಯಾಲೆಟ್ ಎತ್ತಿ ಸಾಗಿಸುವ ಗಾಡಿ, ಓಡಿಸುವ ಹೆಂಗಸು ಬಂದಳು.

"ಅವನು ಕದ್ದಿಲ್ಲ ಸಾರ್."

"ನಿಂಗೆ ಹೇಗಮ್ಮ ಗೊತ್ತು?"

"ಗೊತ್ತು, ಅಷ್ಟೇ."

"ಒಳ್ಳೆಯವನು ಅನ್ನೋ ಸರ್ಟಿಫಿಕೇಟ್ ಇಟ್ಕೊಂಡು ನಾನೇನು ಮಾಡಲಿ? ಹೋಗು, ತಲೆ ತಿನ್ನಬೇಡ."

ಬುಧವಾರ ಬೆಳಿಗ್ಗೆಯೂ ಬಂದಳು. ಆಗಲೂ ಬೈದು ಕಳಿಸಿದರು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಬೇರೆ ದಾರಿ ಕಾಣದೆ ಪಂಚರನ್ನು ಕರೆದುಕೊಂಡು ಪಂಚನಾಮೆಗೆಂದು ಗೋದಾಮಿಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಸೀನಿದರೂ ವೇಳೆ ಬರೆದುಕೊಳ್ಳುವ ಆಸಾಮಿ, ಠಾಣೆಯವರೆಲ್ಲ ಗಡಿಯಾರ ಎಂದೇ ಕರೆಯುತ್ತಿದ್ದರು. ಮ್ಯಾನೇಜರ್ ಟ್ಯಾಬ್ ನೋಡಿಕೊಂಡೇ ಮುಂದೆ ನಡೆದರು. ಹಿಂಬದಿಯಲ್ಲಿ ಕೆಂಪು ಟೇಪು ಕಟ್ಟಿದ, ಕಬ್ಬಿಣದ ಅಟ್ಟಗಳ ಒಂದು ಸಾಲು. ಮ್ಯಾನೇಜರ್ ಕತ್ತೂ ತಿರುಗಿಸದೆ ಅದನ್ನು ದಾಟಿದರು.

"ರೀ, ಇದೇನು?"

"ಅದು ಇಲ್ಲ ಸಾರ್."

"ಏನು ಇಲ್ಲ?"

"ಆ ಸಾಲು. ಕಬ್ಬಿಣ ಬಾಗಿತ್ತು, ಸಿಸ್ಟಮ್‌ನಿಂದ ತೆಗೆದಿದೀವಿ."

"ಕಣ್ಣೆದುರಿಗೇ ಇದೆಯಲ್ರೀ!"

"ಸಿಸ್ಟಮ್‌ನಲ್ಲಿ ಇಲ್ಲ ಸಾರ್."

ಮೂರು ದಿನ ತಡೆದಿಟ್ಟ ಸಿಟ್ಟು ಇನ್‌ಸ್ಪೆಕ್ಟರ ನೆತ್ತಿಗೇರಿತು. ಟೇಪನ್ನು ಕಿತ್ತೇ ಒಳಗೆ ಹೋದರು. ನೆಲದ ತುಂಬ ಧೂಳು, ಧೂಳಿನಲ್ಲಿ ಹೊಸ ಚಕ್ರದ ಗುರುತು. ಕೊನೆಯಲ್ಲಿ, ಖಾಲಿ ಹಲಗೆಗಳ ಹಿಂದೆ, ಮೋಟಾರ್‌ಗಳು ಸುತ್ತಿದ ಪ್ಲಾಸ್ಟಿಕ್ ಸಮೇತ ಕೂತಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಗಿತ್ತು.

"ನಾಲ್ಕೂ ಹತ್ತು," ಎಂದ ಗಡಿಯಾರ.

"ಲಾರಿಗೆ ಹತ್ತಿಸೋದು ಯಾರು?"

"ಫೋರ್ಕ್‌ಲಿಫ್ಟ್‌ನವಳು," ಎಂದರು ಮ್ಯಾನೇಜರ್. "ಸ್ಟಿಕ್ಕರ್‌ಗೆ ಸ್ಕ್ಯಾನರ್ ಹಿಡಿದು ಬೀಪ್ ಅನ್ನಿಸಿದ್ರೆ ಹತ್ತಿತು ಅಂತ ಲೆಕ್ಕ."

"ಹತ್ತದಿದ್ರೂ?"

ಮ್ಯಾನೇಜರ್ ಟ್ಯಾಬ್ ನೋಡತೊಡಗಿದರು. ಗೊತ್ತು, ಅಷ್ಟೇ ಎಂದವಳ ಮುಖ ಇನ್‌ಸ್ಪೆಕ್ಟರಿಗೆ ಈಗ ನೆನಪಾಯಿತು. ಎರಡು ಸಲ ಬಾಗಿಲಿಗೆ ಬಂದ ಉತ್ತರವನ್ನು ತಾವೇ ಬೈದು ಅಟ್ಟಿದ್ದರು.

ಇವರನ್ನು ಕಂಡವಳೇ ಅವಳು ಫೋರ್ಕ್‌ಲಿಫ್ಟ್ ಆಫ್ ಮಾಡಿ ಇಳಿದಳು.

"ಡ್ರೈವರ್‌ನ ಬಿಡ್ತೀರಲ್ವಾ ಸಾರ್?"

"ಬಿಡಿಸ್ತೀವಿ. ಯಾಕೆ ಮಾಡಿದೆ?"

"ಮಾಲೆಲ್ಲ ಖಾಲಿ ಮಾಡಿ, ಲೆಕ್ಕ ಕೂಡಿದ್ರೆ ಈ ಗೋದಾಮಿಗೆ ಬೀಗ. ಹೊಸ ಗೋದಾಮಲ್ಲಿ ಗಾಡಿಗಳು ತಾವೇ ಓಡಾಡ್ತವಂತೆ. ಹೆಂಗಸಿಗೆ ಯಾಕೆ ಗಾಡಿ ಅಂದವರ ಹತ್ರ ಜಗಳ ಆಡಿ ಕಲಿತಿದ್ದು ಸಾರ್ ಇದು. ಇನ್ಯಾರು ಕೊಡ್ತಾರೆ ನಂಗೆ? ಒಂದು ಪ್ಯಾಲೆಟ್ ಸಿಗದಿದ್ರೆ ಒಂದಷ್ಟು ದಿನ ತಳ್ಳಬಹುದು ಅಂದ್ಕೊಂಡೆ."

"ಅವನು ಒಳಗೆ ಹೋದ ಮೇಲಾದ್ರೂ ಬಾಯಿ ಬಿಡಬಾರದಿತ್ತಾ?"

"ಹೇಳೋಣ ಅಂತಲೇ ಬರ್ತಿದ್ದೆ. ನಿಮ್ಮೆದುರು ಬಾಯಿ ಕಟ್ಟಿಹೋಗ್ತಿತ್ತು." ತಲೆ ತಗ್ಗಿಸಿದಳು. "ಕಂಪ್ಯೂಟರ್‌ನ ಬೈತಾರೆ ಅಂದ್ಕೊಂಡಿದ್ದೆ ಸಾರ್. ಮನುಷ್ಯನ್ನ ಹಿಡೀತಾರೆ ಅಂತ ಗೊತ್ತಿರಲಿಲ್ಲ."

ಇನ್‌ಸ್ಪೆಕ್ಟರ್ ಅವಳಿಗೆ ಬಂಧನದ ಮಾತು ಹೇಳಿದರು. ಪಕ್ಕದಲ್ಲೇ ಮ್ಯಾನೇಜರ್ ಫೋನಿನಲ್ಲಿ ಹಿಗ್ಗುತ್ತಿದ್ದರು: "ಸಿಕ್ತು ಸಾರ್, ಲೆಕ್ಕ ಕೂಡಿತು. ಶುಕ್ರವಾರವೇ ಬೀಗ ಹಾಕಬಹುದು."

ಅವಳಿಗೂ ಕೇಳಿಸಿತು. "ಗಾಡಿ ಕೀಲಿ ಯಾರಿಗೆ ಕೊಡಲಿ?" ಎಂದಳು.

ಮ್ಯಾನೇಜರ್ ಇನ್ನೂ ಫೋನಿನಲ್ಲೇ ಇದ್ದರು. ಇನ್‌ಸ್ಪೆಕ್ಟರ್ ಕೈ ಚಾಚಿ ತೆಗೆದುಕೊಂಡು, ಅದನ್ನೂ ಪಂಚನಾಮೆಗೆ ಸೇರಿಸು ಎಂದು ಗಡಿಯಾರನಿಗೆ ಹೇಳಿದರು.